ಶೇ. 60ರ ಗೆರೆಯ ಹತ್ತಿರ: ಒಬ್ಬ ಕಾಲೇಜು ಫುಟ್‌ಬಾಲ್ ಕೋಚ್ ಅವರ ಪ್ರಕರಣ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕೋಚ್ ಒಬ್ಬರ ಹೆಸರು ಹಾಲ್ ಆಫ್ ಫೇಮ್‌ಗೆ, ಅಂದರೆ ಆಟದ ದೊಡ್ಡವರ ಗೌರವ ಪಟ್ಟಿಗೆ, ಹೋಗಬೇಕಾದರೆ ಮೊದಲು ಒಂದು ಲೆಕ್ಕದಲ್ಲಿ ಪಾಸಾಗಬೇಕು. ಕನಿಷ್ಠ 10 ವರ್ಷ ಮುಖ್ಯ ಕೋಚ್ ಆಗಿರಬೇಕು. ಕನಿಷ್ಠ 100 ಪಂದ್ಯ ಆಡಿಸಿರಬೇಕು. ಅವುಗಳಲ್ಲಿ ಶೇ. 60ರಷ್ಟಾದರೂ ಗೆದ್ದಿರಬೇಕು. ಬಹಳ ಕಾಲ ನಡೆದುಕೊಂಡು ಬಂದಿದ್ದ ನಿಯಮ ಇದು. ಮೊದಲ ಎರಡು ಷರತ್ತುಗಳನ್ನು ಸುಲಭವಾಗಿ ದಾಟಿ, ಮೂರನೆಯದರ ಹತ್ತಿರ ಬಂದು ನಿಂತುಹೋದ ಒಬ್ಬ ಕೋಚ್ ಅವರ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಅಲ್ಲಿಗೆ ಸೇರಿಸಲು ಹಳೆಯ ಆಟಗಾರರು ಸೇರಿ ಕೆಲವು ವರ್ಷ ಪ್ರಯತ್ನ ಮಾಡಿದರು. ಲೆಕ್ಕಪತ್ರದ ಭಾಗ ನನ್ನ ಪಾಲಿಗೆ ಬಂತು.

ಕೋಚ್, ಕಾಲೇಜು, ಊರು, ಜೊತೆಗಿದ್ದವರು, ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದು ಅಂತ ಅವರ ಪಂದ್ಯಗಳ ಅಂಕಿಗಳನ್ನೂ ಕೆಲವು ವಿವರಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಲೆಕ್ಕ ಎಲ್ಲಿ ಸಿಕ್ಕಿಕೊಂಡಿತು ಅನ್ನುವುದು ಮಾತ್ರ ಇದ್ದ ಹಾಗೆಯೇ ಇದೆ. ಹೆಸರಾಂತ ಕೋಚ್‌ಗಳ ಮಾತು ಬಂದ ಕಡೆ ನಿಜವಾದ ಹೆಸರು, ನಿಜವಾದ ಅಂಕಿ ಕೊಟ್ಟಿದ್ದೇನೆ.

ಹಿನ್ನೆಲೆ

ಇಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಕಡೆ ಕಾಲಲ್ಲಿ ಒದೆಯುವ ಆಟ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ನಾನು ಧಾರವಾಡದಲ್ಲಿ ಓದಿದವನು. ಕೆಲಸಕ್ಕೆ ಅಂತ ಅಮೆರಿಕದ ಮಧ್ಯಪಶ್ಚಿಮದ ಒಂದು ಸಣ್ಣ ಊರಿಗೆ ಬಂದೆ. ಇಲ್ಲಿ ಶನಿವಾರ ಮಧ್ಯಾಹ್ನ ಊರಿಗೆ ಊರೇ ಮೈದಾನದಲ್ಲಿ ಇರುತ್ತದೆ. ನಿಧಾನವಾಗಿ ಆಟ ನನಗೂ ಹಿಡಿಸಿತು.

ಈ ಹಾಲ್ ಆಫ್ ಫೇಮ್ ನಡೆಸುವುದು ನ್ಯಾಷನಲ್ ಫುಟ್‌ಬಾಲ್ ಫೌಂಡೇಶನ್. ಸಂಸ್ಥೆ ಶುರುವಾದದ್ದು 1947ರಲ್ಲಿ. ಮೊದಲ ಬಾರಿಗೆ ಆಟಗಾರರನ್ನೂ ಕೋಚ್‌ಗಳನ್ನೂ ಸೇರಿಸಿದ್ದು 1951ರಲ್ಲಿ. 2014ರಿಂದ ಅದರ ಕಟ್ಟಡ ಅಟ್ಲಾಂಟಾ ನಗರದಲ್ಲಿದೆ. ಇಷ್ಟು ವರ್ಷಗಳಲ್ಲಿ ಲಕ್ಷಾಂತರ ಹುಡುಗರು ಕಾಲೇಜು ಫುಟ್‌ಬಾಲ್ ಆಡಿದ್ದಾರೆ. ಒಳಗೆ ಹೋದ ಆಟಗಾರರು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ. ಕೋಚ್‌ಗಳು ಇನ್ನೂರರ ಮೇಲೆ ಕೆಲವರು, ಅಷ್ಟೇ.

ಸಣ್ಣ ಕಾಲೇಜಿನವರಿಗೆ ಬಾಗಿಲು ತೆರೆದದ್ದು 1996ರಲ್ಲಿ. ಅದು ಬಾಯಿಮಾತಿನ ತೆರವಲ್ಲ. ಮಿನ್ನೆಸೋಟದ ಸೇಂಟ್ ಜಾನ್ಸ್ ಎಂಬ ಸಣ್ಣ ಕಾಲೇಜಿನಲ್ಲಿ ದಶಕಗಳ ಕಾಲ ದುಡಿದ ಜಾನ್ ಗಗ್ಲಿಯಾರ್ಡಿ 489 ಪಂದ್ಯ ಗೆದ್ದವರು. 2006ರಲ್ಲಿ ಅವರ ಹೆಸರು ಸೇರಿತು. 2025ರ ಪಟ್ಟಿಯಲ್ಲಿ ನಿಕ್ ಸೇಬನ್, ಅರ್ಬನ್ ಮೇಯರ್ ಅವರಂಥ ದೊಡ್ಡ ಹೆಸರುಗಳ ಜೊತೆಗೇ ಅಯೋವಾದ ಒಂದು ಪುಟ್ಟ ಕಾಲೇಜಿನ ಲ್ಯಾರಿ ಕೋರ್ವರ್ ಕೂಡ ಇದ್ದಾರೆ. ಹಾಗಾಗಿ ‘ಸಣ್ಣವರಿಗೆ ಅಲ್ಲಿ ಜಾಗ ಇಲ್ಲ’ ಅಂತ ಹೇಳಲು ಬರುವುದಿಲ್ಲ. ನಮ್ಮ ಕೋಚ್ ಅವರಿಗೆ ಅಡ್ಡ ಬಂದದ್ದು ಬೇರೆ.

ಅವರು ಈ ಕಾಲೇಜಿಗೆ ಬಂದದ್ದು 1960ರ ದಶಕದ ಕೊನೆಯಲ್ಲಿ. ಹಿಂದಿನ ಎರಡು ಸೀಸನ್‌ಗಳಲ್ಲಿ ಟೀಮು ಬೆರಳೆಣಿಕೆಯಷ್ಟು ಪಂದ್ಯವನ್ನೂ ಗೆದ್ದಿರಲಿಲ್ಲ. ಫುಟ್‌ಬಾಲ್ ನಿಲ್ಲಿಸಿಬಿಡೋಣ ಅಂತ ಆಡಳಿತ ಮಂಡಳಿ ಯೋಚಿಸುತ್ತಿತ್ತು. ಕೊನೆಯ ಪ್ರಯತ್ನ ಅಂತ ಇವರನ್ನು ಕರೆತಂದರು. ಸಂಬಳ ಕಡಿಮೆ. ಸಹಾಯಕ್ಕೆ ಒಬ್ಬರೇ ಅರೆಕಾಲಿಕ ಕೋಚ್. ದೈಹಿಕ ಶಿಕ್ಷಣದ ತರಗತಿಗಳನ್ನೂ ಇವರೇ ತೆಗೆದುಕೊಳ್ಳಬೇಕು. ವಸಂತದಲ್ಲಿ ಓಟದ ಟೀಮಿಗೂ ಇವರೇ ಕೋಚ್. ನಮ್ಮ ಹೈಸ್ಕೂಲುಗಳಲ್ಲಿ ಪಿ.ಟಿ. ಮೇಷ್ಟ್ರು ಮೈದಾನಕ್ಕೆ ಸುಣ್ಣದ ಗೆರೆ ಹಾಕುವುದರಿಂದ ಹಿಡಿದು ಮಕ್ಕಳನ್ನು ಬಸ್ಸು ಹತ್ತಿಸುವವರೆಗೂ ಎಲ್ಲ ನೋಡಿಕೊಳ್ಳುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

1973ರಲ್ಲಿ ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ತನ್ನ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿತು. ಈ ಕಾಲೇಜು ಮೂರನೆಯದಕ್ಕೆ ಸೇರಿತು. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಆಡಬೇಕು ಅಂತ ಮನಸ್ಸಿರುವ, ಫೀಸು ಕಟ್ಟಲು ಹೇಗೋ ದಾರಿ ಮಾಡಿಕೊಳ್ಳುವ ಹುಡುಗರನ್ನು ಹುಡುಕಬೇಕು. ಚಳಿಗಾಲವಿಡೀ ಅವರು ಸ್ವಂತ ಕಾರಿನಲ್ಲಿ ಹಳ್ಳಿಗಳ ಹೈಸ್ಕೂಲುಗಳನ್ನು ಸುತ್ತಿದರು.

ಕೊನೆಗೆ ತಿದ್ದಿದ ಲೆಕ್ಕದ ಪ್ರಕಾರ ಮೊದಲ ನಾಲ್ಕು ಸೀಸನ್: 7 ಗೆಲುವು, 28 ಸೋಲು, 2 ಡ್ರಾ. ಆಮೇಲಿನ 18 ಸೀಸನ್: 114 ಗೆಲುವು, 54 ಸೋಲು, 3 ಡ್ರಾ. ಈ ಎರಡು ಸಾಲುಗಳಲ್ಲೇ ಇಡೀ ಪ್ರಕರಣ ಇದೆ ಅಂತ ನನಗೆ ಅನಿಸುತ್ತದೆ.

ತೊಡಕು

ಡ್ರಾ ಆದ ಪಂದ್ಯವನ್ನು ಅರ್ಧ ಗೆಲುವು ಅಂತ ಹಿಡಿಯುತ್ತಾರೆ. ಹಾಗೆ ನೋಡಿದರೆ ಆಮೇಲಿನ 18 ಸೀಸನ್‌ಗಳಲ್ಲಿ ಅವರ ಗೆಲುವಿನ ಪ್ರಮಾಣ ಶೇ. 67ಕ್ಕಿಂತ ಮೇಲೆ. ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ನಿಯಮ ಇಡೀ ವೃತ್ತಿಯನ್ನು ಒಟ್ಟಿಗೆ ಲೆಕ್ಕ ಹಾಕುತ್ತದೆ. ಮೊದಲ ನಾಲ್ಕು ವರ್ಷದ 28 ಸೋಲು ಅವರ ಬೆನ್ನು ಬಿಡುವುದಿಲ್ಲ.

ಹಾಳಾದ ಟೀಮನ್ನು ವಹಿಸಿಕೊಂಡವರೆಲ್ಲ ಹೀಗೆ ಸಿಕ್ಕಿಬೀಳುತ್ತಾರೆ ಅಂತೇನೂ ಇಲ್ಲ. ಬಿಲ್ ಸ್ನೈಡರ್ 1989ರಲ್ಲಿ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದಾಗ ಅದು ದೇಶದ ಅತಿ ದುರ್ಬಲ ಟೀಮುಗಳಲ್ಲಿ ಒಂದು. ಮೊದಲ ವರ್ಷ ಗೆದ್ದದ್ದು 1, ಸೋತದ್ದು 10. ಆದರೂ 2015ರಲ್ಲಿ ಅವರು ಹಾಲ್ ಆಫ್ ಫೇಮ್ ಸೇರಿದರು. ಒಟ್ಟು 215 ಗೆಲುವು, 117 ಸೋಲು, 1 ಡ್ರಾ ಅವರದು. ದೊಡ್ಡ ಡಿವಿಷನ್‌ನಲ್ಲಿ ಸೀಸನ್‌ಗೆ 11, 12, ಕೆಲವೊಮ್ಮೆ ಇನ್ನೂ ಹೆಚ್ಚು ಪಂದ್ಯ ಇರುತ್ತವೆ. ಅವರು 27 ಸೀಸನ್ ಕೆಲಸ ಮಾಡಿದರು. ಶುರುವಿನ ಸೋಲುಗಳು ಆ ರಾಶಿಯಲ್ಲಿ ಕರಗಿಹೋದವು. ನಮ್ಮ ಕೋಚ್ ಕಾಲದಲ್ಲಿ ಸಣ್ಣ ಕಾಲೇಜಿಗೆ ವರ್ಷಕ್ಕೆ 9 ಅಥವಾ 10 ಪಂದ್ಯ. ಕರಗಲು ಅಷ್ಟು ಜಾಗವೇ ಇರಲಿಲ್ಲ.

ಹೋವರ್ಡ್ ಶ್ನೆಲೆನ್‌ಬರ್ಗರ್ ಅವರದು ಇನ್ನೂ ಕಠಿಣ ಉದಾಹರಣೆ. ಮಯಾಮಿ ವಿಶ್ವವಿದ್ಯಾಲಯವನ್ನು 1983ರ ಸೀಸನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಮಾಡಿದರು. ಆಮೇಲೆ ಲೂಯಿವಿಲ್‌ನ ಟೀಮನ್ನು ಎತ್ತಿ ನಿಲ್ಲಿಸಿದರು. ಫ್ಲೋರಿಡಾ ಅಟ್ಲಾಂಟಿಕ್‌ನಲ್ಲಿ ಟೀಮೇ ಇರಲಿಲ್ಲ, ಅದನ್ನು ಸೊನ್ನೆಯಿಂದ ಕಟ್ಟಿದರು. ಒಟ್ಟು 158 ಗೆಲುವು, 151 ಸೋಲು, 3 ಡ್ರಾ. ಪ್ರಮಾಣ ಶೇ. 51. ಬಾಗಿಲ ಹತ್ತಿರಕ್ಕೂ ಬರುವುದಿಲ್ಲ. ಇಂಥವರನ್ನು ಹೊರಗೆ ಇಡುವ ನಿಯಮ ಸರಿಯಿಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಗೆಲ್ಲುವ ಟೀಮನ್ನು ಕೈಗೆತ್ತಿಕೊಂಡು ಗೆಲ್ಲಿಸುವುದು ಒಂದು ಕೆಲಸ. ಯಾರೂ ಬೇಡ ಅಂದ ಟೀಮನ್ನು ಕೈಗೆತ್ತಿಕೊಳ್ಳುವುದು ಇನ್ನೊಂದು. ಎರಡಕ್ಕೂ ಒಂದೇ ಅಳತೆ ಹಿಡಿದರೆ ಎರಡನೆಯ ಕೆಲಸಕ್ಕೆ ಯಾರು ಬರುತ್ತಾರೆ?

ಏನೇನು ಮಾಡಿ ನೋಡಿದೆವು

ಕೋಚ್ ತೀರಿಕೊಂಡ ಮೇಲೆ ಹಳೆಯ ಆಟಗಾರರು ಸೇರಿದರು. ಮುಂದೆ ನಿಂತವರು ಇಬ್ಬರು. ಒಬ್ಬರು ಆಗಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಟೀಮಿನ ಆಟ ನಡೆಸುವ ಆಟಗಾರ), ಈಗ ವಕೀಲರು. ಇನ್ನೊಬ್ಬರು ಆಗಿನ ಲೈನ್‌ಬ್ಯಾಕರ್ (ಎದುರಾಳಿಯನ್ನು ತಡೆಯುವ ಆಟಗಾರ), ಹೈಸ್ಕೂಲ್ ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ಅವರ ಜೊತೆ ಕೋಚ್ ಅವರ ಮಗಳು. ಕಾಲೇಜಿನ ಕ್ರೀಡಾ ಮಾಹಿತಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರೂ ಬಂದರು. ಮುಂದೆ ಅವರನ್ನು ‘ಹಿರಿಯರು’ ಅಂತಲೇ ಕರೆಯುತ್ತೇನೆ. ನಾನು ಅದೇ ಕಾಲೇಜಿನಲ್ಲಿ ಅಂಕಿಅಂಶದ ಕೆಲಸ ಮಾಡುವವನು. ‘ನಮಗೆ ಒಬ್ಬ ಲೆಕ್ಕದವರು ಬೇಕು’ ಅಂದರು, ಸೇರಿಕೊಂಡೆ.

ಮೊದಲು ಅವರು ಯೋಚಿಸಿದ್ದು ಪತ್ರಗಳ ಬಗ್ಗೆ. ಇನ್ನೂರು ಆಟಗಾರರಿಂದ ಪತ್ರ ಬರೆಸೋಣ, ಒಂದು ದೊಡ್ಡ ಫೈಲು ಮಾಡೋಣ ಅಂತ. ಕಾಲೇಜಿನ ಕ್ರೀಡಾ ನಿರ್ದೇಶಕರು ಅದನ್ನು ಅಲ್ಲೇ ತಡೆದರು. ನಾಮನಿರ್ದೇಶನ ಕಾಲೇಜಿನ ಕಡೆಯಿಂದ ಹೋಗಬೇಕು, ಅದಕ್ಕೆ ಅವರು ತಯಾರಿದ್ದರು. ಆದರೆ ಕೇಳಿದ್ದು ಒಂದೇ ಪ್ರಶ್ನೆ: ‘ಪ್ರಮಾಣ ಎಷ್ಟು?’ ಕಾಲೇಜಿನ ದಾಖಲೆ ಪುಸ್ತಕದ ಪ್ರಕಾರ 121 ಗೆಲುವು, 83 ಸೋಲು, 5 ಡ್ರಾ. ಶೇ. 59.09. ‘ಪತ್ರ ಎಷ್ಟೇ ಚೆನ್ನಾಗಿದ್ದರೂ ಈ ಅಂಕಿ ಇಟ್ಟುಕೊಂಡು ಫೈಲು ಮುಂದೆ ಹೋಗುವುದಿಲ್ಲ’ ಅಂದರು. ಬೇಸರವಾಯಿತು ನಿಜ. ಆದರೆ ಅಷ್ಟು ನೇರವಾಗಿ ಹೇಳಿದ್ದರಿಂದ ಎಲ್ಲರ ಶ್ರಮ ಉಳಿಯಿತು.

ಆಗ ಹಿರಿಯರು ಒಂದು ಮಾತು ಹೇಳಿದರು. ಆ ಪುಸ್ತಕವನ್ನು ತಾವೇ ಹಲವು ವರ್ಷ ಅಚ್ಚಿಗೆ ಕೊಟ್ಟವರು. ಹಳೆಯ ಸೀಸನ್‌ಗಳ ಅಂಕಿಗಳನ್ನು ಹಿಂದಿನ ಪುಸ್ತಕದಿಂದ ಸುಮ್ನೆ ನಕಲು ಮಾಡುತ್ತಾ ಬಂದಿದ್ದಾರೆ, ಯಾರೂ ಪಂದ್ಯ ಪಂದ್ಯ ಕೂಡಿಸಿ ನೋಡಿಲ್ಲ. ಪತ್ರ ಬರೆಸುವುದನ್ನು ಬದಿಗಿಟ್ಟು, 22 ಸೀಸನ್‌ಗಳ ಒಂದೊಂದು ಪಂದ್ಯವನ್ನೂ ಮೂಲದಿಂದ ಪರಿಶೀಲಿಸಲು ನಿರ್ಧಾರವಾಯಿತು.

ಇದು ನಿಧಾನದ ಕೆಲಸ. ಊರಿನ ಪತ್ರಿಕೆಯ ಹಳೆಯ ಸಂಚಿಕೆಗಳು ಲೈಬ್ರರಿಯಲ್ಲಿ ಮೈಕ್ರೋಫಿಲ್ಮ್ ಮೇಲೆ ಇವೆ. ಭಾನುವಾರದ ಕ್ರೀಡಾ ಪುಟದಲ್ಲಿ ಸ್ಕೋರು ಸಿಗುತ್ತದೆ. ಒಂದೇ ಪತ್ರಿಕೆ ನಂಬಿದರೆ ಸಾಲದು. ಎದುರಾಳಿ ಕಾಲೇಜಿನ ಊರಿನ ಪತ್ರಿಕೆಯನ್ನೂ ನೋಡಬೇಕು. ಆ ಕಾಲೇಜಿನ ದಾಖಲೆಯನ್ನೂ ಕೇಳಬೇಕು. ಹೆಚ್ಚಿನ ಕಾಲೇಜುಗಳ ಸಿಬ್ಬಂದಿ ತುಂಬಾ ಪ್ರೀತಿಯಿಂದ ಪ್ರತಿ ಕಳಿಸಿಕೊಟ್ಟರು. ನಾನು ಪ್ರತಿ ಪಂದ್ಯಕ್ಕೂ ಒಂದು ಸಾಲು ಮಾಡಿ, ತಾರೀಕು, ಸ್ಕೋರು, ಎಲ್ಲಿಂದ ಸಿಕ್ಕಿತು ಅಂತ ತುಂಬುತ್ತಾ ಹೋದೆ.

ಮೊದಲು ಸಿಕ್ಕಿದ್ದು ಒಳ್ಳೆಯ ಸುದ್ದಿ. 1970ರ ದಶಕದ ಒಂದು ಪಂದ್ಯ ಪುಸ್ತಕದಲ್ಲಿ ಸೋಲು ಅಂತ ಇತ್ತು. ಆದರೆ ಎದುರಾಳಿ ಟೀಮು ಆಡಲು ಅರ್ಹತೆ ಇಲ್ಲದ ಒಬ್ಬ ಹುಡುಗನನ್ನು ಆಡಿಸಿತ್ತು. ಕೆಲವು ತಿಂಗಳ ನಂತರ ಕಾನ್ಫರೆನ್ಸ್, ಅಂದರೆ ಸುತ್ತಲಿನ ಕಾಲೇಜುಗಳ ಲೀಗು, ಆ ಪಂದ್ಯವನ್ನು ನಮ್ಮ ಕಾಲೇಜಿಗೆ ಬಿಟ್ಟುಕೊಟ್ಟಿತ್ತು. ಪತ್ರಿಕೆಯ ಒಳಪುಟದಲ್ಲಿ ಆರು ಸಾಲಿನ ಸುದ್ದಿ. ಪುಸ್ತಕದಲ್ಲಿ ಯಾರೂ ತಿದ್ದಿರಲಿಲ್ಲ. ಕಾನ್ಫರೆನ್ಸ್ ಕಡತದಲ್ಲೂ ಅದು ಇತ್ತು. ಲೆಕ್ಕ 122, 82, 5 ಆಯಿತು. ಶೇ. 59.57. ಇನ್ನೊಂದು ಅಂಥದ್ದು ಸಿಕ್ಕಿದರೆ 60 ದಾಟುತ್ತದೆ ಅಂತ ಎಲ್ಲರಿಗೂ ಹುರುಪು ಬಂತು.

ಸಿಕ್ಕಿದ್ದು ಅದಕ್ಕೆ ಉಲ್ಟಾ.

ಬೇಡವಾದ ಪಂದ್ಯ

ಅವರ ಮೂರನೆಯ ಸೀಸನ್‌ನಲ್ಲಿ ಪುಸ್ತಕ ಒಂದು ಗೆಲುವು ತೋರಿಸುತ್ತಿತ್ತು, ಒಂದು ದೊಡ್ಡ ವಿಶ್ವವಿದ್ಯಾಲಯದ ವಿರುದ್ಧ. ಅಷ್ಟು ದುರ್ಬಲ ಟೀಮು ಅಂಥವರನ್ನು ಸೋಲಿಸಿದ್ದರೆ ಊರಿನ ಪತ್ರಿಕೆ ಮುಖಪುಟದಲ್ಲಿ ಹಾಕಬೇಕಿತ್ತು. ಒಳಗೆಲ್ಲೋ ಚಿಕ್ಕದಾಗಿ ಇತ್ತು. ಓದಿದರೆ ಕಾರಣ ತಿಳಿಯಿತು. ಆಡಿದ್ದು ವಿಶ್ವವಿದ್ಯಾಲಯದ ಮುಖ್ಯ ಟೀಮಲ್ಲ, ಅವರ ಎರಡನೆಯ ದರ್ಜೆಯ ಹುಡುಗರ ಟೀಮು. ಅಂಥ ಪಂದ್ಯ ಅಧಿಕೃತ ಲೆಕ್ಕಕ್ಕೆ ಬರುವುದಿಲ್ಲ. ವಿಶ್ವವಿದ್ಯಾಲಯದ ದಾಖಲೆಯಲ್ಲೂ ಅದು ಇಲ್ಲ. ಮುಂದೆ ಯಾವತ್ತೋ ಯಾರೋ ಪುಸ್ತಕ ಜೋಡಿಸುವಾಗ ಸೇರಿಸಿದ್ದಾರೆ.

ಅದನ್ನು ತೆಗೆದರೆ 121, 82, 5. ಶೇ. 59.38.

ಈ ಕಥೆಯ ಮೊದಲ ದೊಡ್ಡ ತಿರುವು ಇದು. ಸಭೆಯಲ್ಲಿ ಲೈನ್‌ಬ್ಯಾಕರ್ ಕೇಳಿದ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ‘ಹೇಗಿದ್ದರೂ 60 ಮುಟ್ಟುತ್ತಿಲ್ಲ. ತಪ್ಪು ನಮ್ಮದಲ್ಲ, ಪುಸ್ತಕದ್ದು. ಅರ್ಧ ಶತಮಾನದಿಂದ ಅಚ್ಚಾಗುತ್ತಾ ಬಂದಿದೆ. ಸತ್ತವರ ಲೆಕ್ಕದಿಂದ ಒಂದು ಗೆಲುವು ಕಿತ್ತುಕೊಳ್ಳಲು ನಾವು ಯಾಕೆ ಹೋಗಬೇಕು?’ ಕ್ವಾರ್ಟರ್‌ಬ್ಯಾಕ್ ಇನ್ನೊಂದು ಸೇರಿಸಿದರು. ನಾಳೆ ನಿಯಮ ಸಡಿಲವಾದರೆ ಈ ಒಂದು ಪಂದ್ಯವೇ ಬೇಕಾಗಬಹುದು ಅಂತ.

ಹಿರಿಯರು ಒಪ್ಪಲಿಲ್ಲ. ‘ಬಿಟ್ಟುಕೊಟ್ಟ ಪಂದ್ಯವನ್ನು ನಮ್ಮ ಲೆಕ್ಕಕ್ಕೆ ಸೇರಿಸಿ ಅಂತ ಕೇಳುವವರು ನಾವು. ಅದಕ್ಕೆ ಸಾಕ್ಷಿಯಾಗಿ ಅದೇ ಪತ್ರಿಕೆ ತೋರಿಸುವವರು ನಾವು. ಆ ಪತ್ರಿಕೆಯ ಒಂದು ಪುಟ ನಿಜ, ಇನ್ನೊಂದು ಪುಟ ಬೇಡ ಅಂತ ಹೇಗೆ ಹೇಳುತ್ತೀರಿ?’

ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಆದರೆ ವಿಷಯ ತೀರ್ಮಾನವಾದದ್ದು ವಾದದಿಂದಲ್ಲ. ಮಗಳು ಮನೆಯಲ್ಲಿದ್ದ ಪೆಟ್ಟಿಗೆ ಹುಡುಕಿ ಒಂದು ಪತ್ರ ತಂದರು. ಕೋಚ್ ಪ್ರತಿ ಸೀಸನ್ ಮುಗಿದ ಮೇಲೆ ಆಟಗಾರರಿಗೆ ಒಂದು ಪತ್ರ ಬರೆಯುತ್ತಿದ್ದರಂತೆ, ಟೈಪ್ ಮಾಡಿ ಎಲ್ಲರ ಮನೆಗೆ ಕಳಿಸುತ್ತಿದ್ದರು. ಆ ವರ್ಷದ ಪತ್ರದಲ್ಲಿ ‘ನಾವು ಈ ವರ್ಷ ಎರಡು ಪಂದ್ಯ ಗೆದ್ದೆವು’ ಅಂತ ಇದೆ. ಪುಸ್ತಕದಲ್ಲಿ ಮೂರು. ಅಂದರೆ ಅವರೇ ಅದನ್ನು ಎಣಿಸಿರಲಿಲ್ಲ. ಅದಾದ ಮೇಲೆ ಯಾರೂ ವಾದ ಮಾಡಲಿಲ್ಲ. ಎರಡೂ ತಿದ್ದುಪಡಿಗಳನ್ನು, ಲಾಭದ್ದನ್ನೂ ನಷ್ಟದ್ದನ್ನೂ, ಒಟ್ಟಿಗೆ ಕಾಲೇಜಿಗೆ ಕೊಟ್ಟೆವು. ಪುಸ್ತಕ ಬದಲಾಯಿತು.

ನಿಯಮ ಸಡಿಲವಾಯಿತು

2022ರ ಡಿಸೆಂಬರ್‌ನಲ್ಲಿ ಮೈಕ್ ಲೀಚ್ ತೀರಿಕೊಂಡರು, 61ನೇ ವಯಸ್ಸಿಗೆ. ಟೆಕ್ಸಸ್ ಟೆಕ್, ವಾಷಿಂಗ್ಟನ್ ಸ್ಟೇಟ್, ಮಿಸಿಸಿಪಿ ಸ್ಟೇಟ್, ಈ ಮೂರು ಕಡೆ ಕೋಚ್ ಆಗಿದ್ದವರು. ಚೆಂಡನ್ನು ಎಸೆದು ಆಡುವ ‘ಏರ್ ರೇಡ್’ ಶೈಲಿಯನ್ನು ದೇಶಕ್ಕೆಲ್ಲ ಹಬ್ಬಿಸಿದವರು. ಇವತ್ತು ಎಷ್ಟೋ ಹೈಸ್ಕೂಲ್ ಟೀಮುಗಳೂ ಆ ಶೈಲಿಯ ಯಾವುದೋ ಒಂದು ರೂಪವನ್ನು ಆಡುತ್ತವೆ. ಅವರ ಲೆಕ್ಕ 158 ಗೆಲುವು, 107 ಸೋಲು. ಶೇ. 59.6. ಸೋತ ಪಂದ್ಯಗಳಲ್ಲಿ ಒಂದೇ ಒಂದನ್ನು ಗೆದ್ದಿದ್ದರೆ ಸರಿಯಾಗಿ ಶೇ. 60. ಶ್ನೆಲೆನ್‌ಬರ್ಗರ್ ಅವರ ಗೆಲುವುಗಳೂ 158 ಅಲ್ವಾ? ಒಂದೇ ಸಂಖ್ಯೆಯ ಗೆಲುವು, ಒಬ್ಬರು ಹೊಸ್ತಿಲ ಮೇಲೆ, ಇನ್ನೊಬ್ಬರು ಬಹಳ ದೂರ.

ಲೀಚ್ ಅವರನ್ನು ಹೊರಗಿಡುವುದು ಸರಿಯಲ್ಲ ಅಂತ ದೇಶದಾದ್ಯಂತ ಚರ್ಚೆಯಾಯಿತು. 2025ರ ಮೇ ತಿಂಗಳಲ್ಲಿ ಫೌಂಡೇಶನ್ ಹೊಸ ನಿಯಮ ಪ್ರಕಟಿಸಿತು. 2027ರಿಂದ ಕೋಚ್‌ಗಳಿಗೆ ಶೇ. 59.5 ಇದ್ದರೆ ಸಾಕು. ಲೀಚ್ ಅರ್ಹರಾದರು. 180 ಗೆಲುವು, 120 ಸೋಲು, 4 ಡ್ರಾ ಇದ್ದ ಜ್ಯಾಕಿ ಶೆರಿಲ್ ಅಂಥವರಿಗೂ ದಾರಿಯಾಯಿತು. ಅವರದು ಶೇ. 59.87, ಇಷ್ಟು ವರ್ಷ ಆಚೆ ಉಳಿದಿದ್ದರು.

ನಮ್ಮ ಗುಂಪಿನಲ್ಲಿ ಆ ದಿನ ಫೋನುಗಳು ಒಂದೇ ಸಮನೆ ಓಡಾಡಿದವು. ನಾನು ಲೆಕ್ಕ ತೆಗೆದು ನೋಡಿದೆ. ತೆಗೆದುಹಾಕಿದ ಆ ಪಂದ್ಯ ಇದ್ದಿದ್ದರೆ ಶೇ. 59.57, ದಾಟುತ್ತಿತ್ತು. ಇಲ್ಲದೆ ಶೇ. 59.38, ದಾಟುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಅಂದು ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು.

ಎಷ್ಟು ಕಡಿಮೆ ಬಿತ್ತು? 82 ಸೋಲುಗಳಲ್ಲಿ ಒಂದು ಡ್ರಾ ಆಗಿದ್ದರೂ ಸಾಕಿತ್ತು, ಗೆಲುವೂ ಬೇಕಿರಲಿಲ್ಲ. ಅದು ಯಾವ ಪಂದ್ಯ ಅಂತ ಎಲ್ಲರಿಗೂ ಗೊತ್ತಿತ್ತು. ಕಾನ್ಫರೆನ್ಸ್ ಪ್ರಶಸ್ತಿ ನಿರ್ಧಾರವಾಗುವ ಒಂದು ಪಂದ್ಯ. ಟೀಮು 7 ಅಂಕ ಹಿಂದಿತ್ತು. ಕೊನೆಯ ನಿಮಿಷದಲ್ಲಿ ಟಚ್‌ಡೌನ್ ಮಾಡಿತು, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿತು, 6 ಅಂಕ ಬಂತು. ಈಗ ಒಂದೇ ಅಂಕ ಕಡಿಮೆ. ಆಗ ಕೋಚ್ ಮುಂದೆ ಎರಡು ದಾರಿ ಇರುತ್ತವೆ. ಚೆಂಡನ್ನು ಕಂಬಗಳ ನಡುವೆ ಒದೆದರೆ 1 ಅಂಕ, ಪಂದ್ಯ ಡ್ರಾ. ಆ ಕಾಲದಲ್ಲಿ ದೊಡ್ಡ ಟೀಮುಗಳಿಗೂ ಓವರ್‌ಟೈಮ್ ಇರಲಿಲ್ಲ, ಅವರಿಗೆ ಅದು ಬಂದದ್ದು 1996ರಲ್ಲಿ. ಅಥವಾ ಮೂರು ಗಜದ ಗೆರೆಯಿಂದ ಇನ್ನೊಂದು ಆಟ ಆಡಿ ಗೆರೆ ದಾಟಿದರೆ 2 ಅಂಕ, ಗೆಲುವು. ದಾಟದಿದ್ದರೆ ಸೋಲು. ಒದೆಯುವುದು ಸುಲಭ. ಕೋಚ್ ಹುಡುಗರ ಮುಖ ನೋಡಿ 2 ಅಂಕಕ್ಕೆ ಹೋದರು. ದಾಟಲಿಲ್ಲ.

ಈ ಆಟ ಗೊತ್ತಿರುವವರಿಗೆ 1984ರ ಜನವರಿಯ ಆರೆಂಜ್ ಬೌಲ್ ಅನ್ನುವ ದೊಡ್ಡ ಪಂದ್ಯ ನೆನಪಾಗದೆ ಇರದು. ನೆಬ್ರಾಸ್ಕದ ಕೋಚ್ ಟಾಮ್ ಆಸ್‌ಬೋರ್ನ್ ಅಲ್ಲೂ ಹೀಗೆಯೇ ಮಾಡಿದರು. ಒಂದು ಕಿಕ್ ಹೊಡೆದಿದ್ದರೆ ಡ್ರಾ ಆಗಿ ರಾಷ್ಟ್ರೀಯ ಪ್ರಶಸ್ತಿ ಬಹುಶಃ ಅವರಿಗೇ ಹೋಗುತ್ತಿತ್ತು. 2 ಅಂಕಕ್ಕೆ ಹೋದರು, 31-30ರಲ್ಲಿ ಸೋತರು. ಗೆದ್ದದ್ದು ಶ್ನೆಲೆನ್‌ಬರ್ಗರ್ ಅವರ ಮಯಾಮಿ. ಆ ನಿರ್ಧಾರಕ್ಕಾಗಿ ಆಸ್‌ಬೋರ್ನ್ ಅವರನ್ನು ಜನ ಇವತ್ತಿಗೂ ಗೌರವದಿಂದ ನೆನೆಯುತ್ತಾರೆ. ವೃತ್ತಿಯಲ್ಲಿ 255 ಪಂದ್ಯ ಗೆದ್ದವರಿಗೆ ಆ ಒಂದು ಸೋಲು ಹಾಲ್ ಆಫ್ ಫೇಮ್‌ನ ಲೆಕ್ಕದಲ್ಲಿ ಏನೂ ಅಲ್ಲ. ನಮ್ಮ ಕೋಚ್‌ಗೆ ಅಂಥದ್ದೇ ಒಂದು ನಿರ್ಧಾರ ಎಲ್ಲವನ್ನೂ ತೀರ್ಮಾನಿಸಿತು.

ಎರಡನೆಯ ತಿರುವು ಇಲ್ಲಿ. ಗುಂಪಿನ ಹೊರಗಿನ ಕೆಲವು ಹಳೆಯ ಆಟಗಾರರು ಒತ್ತಾಯ ಮಾಡಿದರು. ಆ ಮೂರನೆಯ ಸೀಸನ್ನಿನ ಪಂದ್ಯವನ್ನು ಮತ್ತೆ ಸೇರಿಸಿ, ಎದುರಾಳಿ ಯಾವ ಟೀಮು ಅನ್ನುವುದು ವಾದದ ವಿಷಯ ಅಂತ ಹೇಳಿ ಅಂದರು. ಅಷ್ಟು ಪ್ರೀತಿ ಇದ್ದವರು ಹಾಗೆ ಕೇಳುವುದು ಸಹಜ. ಕ್ರೀಡಾ ನಿರ್ದೇಶಕರು ತೀರ್ಮಾನ ಗುಂಪಿಗೇ ಬಿಟ್ಟರು. ಗುಂಪು ಮಗಳಿಗೆ ಬಿಟ್ಟಿತು. ಅವರು ಹೇಳಿದ್ದು ಚಿಕ್ಕ ಉತ್ತರ: ‘ಅಪ್ಪ ಎಣಿಸದ ಪಂದ್ಯವನ್ನು ನಾನು ಎಣಿಸುವುದಿಲ್ಲ.’ ಎಲ್ಲಕ್ಕಿಂತ ಮೊದಲು ಆ ಮಾತಿಗೆ ಹೂಂ ಅಂದವರು ಲೈನ್‌ಬ್ಯಾಕರ್.

ಇಂಥ ಕೆಲಸಕ್ಕೆ ಕೈಹಾಕುವವರಿಗೆ

ಬೇರೆ ಕಾಲೇಜುಗಳವರು ನಮ್ಮನ್ನು ಕೇಳಿದಾಗ ಮೊದಲು ಹೇಳುವುದು ಪತ್ರ ಬರೆಸಬೇಡಿ, ಪಂದ್ಯ ಎಣಿಸಿ ಅಂತ. ಪ್ರತಿ ಪಂದ್ಯಕ್ಕೂ ಎರಡು ಊರಿನ ಪತ್ರಿಕೆ ನೋಡಿ. 1996ಕ್ಕಿಂತ ಹಿಂದಿನ ಡ್ರಾಗಳನ್ನು ಬಿಡಬೇಡಿ, ಕೆಲವು ಪುಸ್ತಕಗಳು ಅವನ್ನು ಲೆಕ್ಕದಿಂದಲೇ ಕೈಬಿಟ್ಟಿರುತ್ತವೆ. ಪಂದ್ಯ ಬಿಟ್ಟುಕೊಡುವುದು ಬೇರೆ, ಗೆಲುವನ್ನು ಅಳಿಸಿಹಾಕುವುದು ಬೇರೆ, ಇದನ್ನೂ ತಿಳಿದುಕೊಳ್ಳಬೇಕು. ಮೊದಲನೆಯದರಲ್ಲಿ ಎದುರಾಳಿಗೆ ಗೆಲುವು ಸಿಗುತ್ತದೆ. ಎರಡನೆಯದರಲ್ಲಿ ಗೆದ್ದವರ ಗೆಲುವು ಮಾತ್ರ ಹೋಗುತ್ತದೆ, ಸೋತವರಿಗೆ ಏನೂ ಬರುವುದಿಲ್ಲ. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ 2012ರಿಂದ 2015ರವರೆಗಿನ 37 ಗೆಲುವುಗಳನ್ನು ಹಾಗೆ ಅಳಿಸಿದಾಗ ಅಲ್ಲಿ ಕೋಚ್ ಆಗಿದ್ದ ಲೆಸ್ ಮೈಲ್ಸ್ ಅವರ ಪ್ರಮಾಣ ಶೇ. 60ರ ಕೆಳಗೆ ಬಿತ್ತು. ಅದು ಕೋರ್ಟಿನವರೆಗೂ ಹೋಯಿತು.

ಲೆಕ್ಕ ಸಾಲದಿದ್ದರೆ ವಿನಾಯಿತಿ ಕೇಳುವ ಯೋಚನೆ ಬರುತ್ತದೆ. ನಾವೂ ಯೋಚಿಸಿದೆವು, ಬಿಟ್ಟೆವು. ಒಬ್ಬರಿಗೆ ವಿನಾಯಿತಿ ಕೊಟ್ಟರೆ ಅದೇ ಸ್ಥಿತಿಯಲ್ಲಿರುವ ಹತ್ತು ಜನಕ್ಕೆ ಅನ್ಯಾಯ. ಗೆರೆಯನ್ನು ಅರ್ಧ ಅಂಕ ಕೆಳಗೆ ತಂದದ್ದರಿಂದ ಕೆಲವರಿಗೆ ಒಳ್ಳೆಯದಾಯಿತು, ಅದು ಸಂತೋಷ. ಆದರೆ ಮೂಲ ಪ್ರಶ್ನೆ ಹಾಗೇ ಉಳಿದಿದೆ. ಕೋಚ್ ಬರುವ ಮುಂಚೆ ಆ ಟೀಮು ಎಲ್ಲಿತ್ತು, ಅವರು ಹೋಗುವಾಗ ಎಲ್ಲಿತ್ತು? ಇದನ್ನು ಅಳೆಯುವುದು ಕಷ್ಟವೇನಲ್ಲ. ಹಿಂದಿನ ಐದು ವರ್ಷದ ಪ್ರಮಾಣ, ಅವರ ಕೊನೆಯ ಹತ್ತು ವರ್ಷದ ಪ್ರಮಾಣ ಪಕ್ಕಪಕ್ಕ ಇಟ್ಟರೆ ಸಾಕು. ಗೆರೆಗಿಂತ ಕೆಳಗಿರುವವರನ್ನು ಈ ಅಳತೆಯಿಂದ ನೋಡುವ ಒಂದು ಸಣ್ಣ ಸಮಿತಿ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಶ್ನೆಲೆನ್‌ಬರ್ಗರ್ ಅವರಂಥವರಿಗೆ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಇನ್ನೊಂದು ವಿಷಯ, ಗೌರವ ಕೊಡಬಲ್ಲ ಮನೆ ಅದೊಂದೇ ಅಲ್ಲ. ರಾಷ್ಟ್ರೀಯ ಹಾಲ್ ಒಂದನ್ನೇ ನೋಡುತ್ತಾ ಕೂತರೆ ಹತ್ತಿರದ್ದು ಕಾಣುವುದಿಲ್ಲ. ನಾವು ತಯಾರಿಸಿದ ಫೈಲನ್ನು ರಾಜ್ಯದ ಕ್ರೀಡಾ ಹಾಲ್‌ಗೂ ಕಾನ್ಫರೆನ್ಸ್‌ಗೂ ಕಳಿಸಿದೆವು. ಅಲ್ಲಿ ಪ್ರಮಾಣದ ಷರತ್ತಿಲ್ಲ. ಅವರ ಮುಂದೆ ಆ ಎರಡು ಸಾಲುಗಳನ್ನು ಇಟ್ಟೆವು, ಮೊದಲ ನಾಲ್ಕು ವರ್ಷ ಮತ್ತು ಆಮೇಲಿನ 18 ವರ್ಷ. ಪುಸ್ತಕವನ್ನು ನಮ್ಮ ವಿರುದ್ಧವಾಗಿಯೂ ತಿದ್ದಿಸಿದ್ದನ್ನು ಮುಚ್ಚಿಡದೆ ಮೊದಲ ಪುಟದಲ್ಲೇ ಬರೆದೆವು. ಕಾನ್ಫರೆನ್ಸ್ ಸಮಿತಿಯ ಒಬ್ಬರು ಆಮೇಲೆ ಹೇಳಿದರು, ಉಳಿದ ಅಂಕಿಗಳನ್ನು ಮತ್ತೆ ಪರಿಶೀಲಿಸುವ ಅಗತ್ಯ ತಮಗೆ ಕಾಣಲಿಲ್ಲ ಅಂತ.

ಈಗ

ಕಾನ್ಫರೆನ್ಸ್ ಅವರನ್ನು ಗೌರವಿಸಿತು. ಮರುವರ್ಷ ರಾಜ್ಯದ ಹಾಲ್ ಕೂಡ. ಆ ಸಮಾರಂಭಕ್ಕೆ ಬಂದ ಆಟಗಾರರ ಪೈಕಿ ಹೆಚ್ಚಿನವರು ಮೊದಲ ನಾಲ್ಕು ವರ್ಷದವರು, ಆ 28 ಸೋಲುಗಳನ್ನು ಆಡಿದವರು. ಮೊದಲು ಬರೆಸಬೇಕು ಅಂದುಕೊಂಡಿದ್ದ ಪತ್ರಗಳನ್ನು ಕೊನೆಗೆ ಬರೆಸಿದೆವು, ಯಾವ ಸಮಿತಿಗೂ ಅಲ್ಲ, ಕಾಲೇಜಿನ ಲೈಬ್ರರಿಗೆ. ಕೋಚ್ ಬರೆದ ಸೀಸನ್ ಪತ್ರಗಳನ್ನೂ ಸ್ಕ್ಯಾನ್ ಮಾಡಿ ಅಲ್ಲಿಟ್ಟಿದ್ದೇವೆ.

ರಾಷ್ಟ್ರೀಯ ಹಾಲ್‌ನಲ್ಲಿ ಅವರ ಹೆಸರಿಲ್ಲ. ಈಗಿನ ನಿಯಮ ಇರುವವರೆಗೆ ಬರುವುದೂ ಇಲ್ಲ.

ಅದೇ ಕಾನ್ಫರೆನ್ಸ್‌ನ ಇನ್ನೊಂದು ಕಾಲೇಜಿನಲ್ಲಿ ಇವರ ಕಾಲದವರೇ ಒಬ್ಬ ಕೋಚ್ ಇದ್ದರು, ಪ್ರತಿ ವರ್ಷ ಇವರ ಎದುರಾಳಿ. ನಮ್ಮ ಪತ್ರಿಕೆಗಳ ರಾಶಿಯಲ್ಲಿ ಅವರ ಪಂದ್ಯಗಳ ಸ್ಕೋರೂ ಸಿಕ್ಕಿದ್ದವು. ಕೂಡಿಸಿ ನೋಡಿದರೆ ಶೇ. 59.5ಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ಹಿರಿಯರು ಆ ಎಲ್ಲ ಪ್ರತಿಗಳನ್ನು ಜೋಡಿಸಿ ಆ ಕಾಲೇಜಿಗೆ ಕೊಟ್ಟು ಬಂದಿದ್ದಾರೆ. ಅವರ ನಾಮನಿರ್ದೇಶನದ ಕೆಲಸ ನಡೆಯುತ್ತಿದೆ, ಪಂದ್ಯಗಳ ಪಟ್ಟಿ ಮಾಡಿಕೊಡುವ ಕೆಲಸ ನಾನು ಒಪ್ಪಿಕೊಂಡಿದ್ದೇನೆ.